ಮರಳು ಅಗೆಯಬೇಡಿ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಮಗಳಿಗಾಗಿ ಎರಡು ಹರ್ಮಿಟ್ ಏಡಿ (ಖಾಲಿ ಶಂಖದ ಚಿಪ್ಪನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಏಡಿ) ತಂದಿದ್ದೀರಿ. ಒಂದು ಮರಳಿನೊಳಗೆ ಹೋಗಿ ಮೂರು ವಾರವಾದರೂ ಮೇಲೆ ಬಂದಿಲ್ಲ. ಇನ್ನೊಂದು ಮೂಲೆ ಬಿಟ್ಟು ಕದಲುತ್ತಿಲ್ಲ. "ಅಗೆದು ನೋಡೋಣವೇ? ಇನ್ನೆರಡು ತಂದರೆ ಚುರುಕಾಗುತ್ತವಾ?" ಎಂದು ಕೇಳಿದ್ದೀರಿ. ಅವು ಇರುವುದು ತಂತಿಯ ಪಂಜರದಲ್ಲಿ, ತಳದಲ್ಲಿ ಒಣ ಮರಳು, ಕುಡಿಯಲು ಒದ್ದೆ ಸ್ಪಂಜು ಎಂದೂ ಬರೆದಿದ್ದೀರಿ.

ದಯವಿಟ್ಟು ಅಗೆಯಬೇಡಿ. ಒಳಗೆ ಹೋದದ್ದು ಪೊರೆ ಬಿಡುತ್ತಿರಬಹುದು. ಏಡಿ ಬೆಳೆಯಬೇಕಾದರೆ ಹಳೆಯ ಗಟ್ಟಿ ಪೊರೆಯನ್ನು ಕಳಚಲೇಬೇಕು. ಕಳಚಿದ ಮೇಲೆ ಮೈ ಮೆತ್ತಗಿರುತ್ತದೆ. ಆಗ ಅದು ಆ ಹಳೆಯ ಪೊರೆಯನ್ನೇ ತಿಂದು ಸುಣ್ಣದ ಅಂಶ ಪಡೆದು ಗಟ್ಟಿಯಾಗುತ್ತದೆ. ಚಿಕ್ಕ ಏಡಿಗೆ ಇದಕ್ಕೆ ಕೆಲವು ವಾರ ಸಾಕು, ದೊಡ್ಡದಕ್ಕೆ ಎರಡು ಮೂರು ತಿಂಗಳೇ ಆಗಬಹುದು. ನಡುವೆ ಎಳೆದು ತೆಗೆದರೆ ಸಾಯುವುದೇ ಜಾಸ್ತಿ. ಸತ್ತಿದ್ದರೆ ಕೊಳೆತ ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ, ಅಗೆದು ನೋಡುವ ಅಗತ್ಯವೇ ಇರುವುದಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಮೂಲೆಯಲ್ಲಿರುವ ಏಡಿಯದು. ಇವು ನೆಲದ ಮೇಲೆ ಬದುಕಿದರೂ ಉಸಿರಾಡುವುದು ಕಿವಿರುಗಳಿಂದ. ಕಿವಿರು ಒದ್ದೆಯಾಗಿರಬೇಕಾದರೆ ಗಾಳಿಯಲ್ಲಿ ಸುಮಾರು 80% ತೇವಾಂಶ ಬೇಕು. ತಂತಿಯ ಪಂಜರದಲ್ಲಿ ತೇವ ನಿಲ್ಲುವುದೇ ಇಲ್ಲ. ಏಡಿ ಸೋಮಾರಿ ಅಂತ ನಾವು ಅಂದುಕೊಳ್ಳುತ್ತೇವೆ, ಅದು ನಿಜವಾಗಿ ಉಸಿರುಕಟ್ಟಿ ನಿಧಾನಕ್ಕೆ ಸಾಯುತ್ತಿರುತ್ತದೆ. ಇಂಥ ಪಂಜರವನ್ನು "ಏಡಿ ಮನೆ" ಎಂದು ಮಾರುವುದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ಮುಚ್ಚಳವಿರುವ ಗಾಜಿನ ತೊಟ್ಟಿ ಸಿದ್ಧಮಾಡಿ. ಐದು ಪಾಲು ಮರಳಿಗೆ ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ಕನಿಷ್ಠ 15 ಸೆಂಟಿಮೀಟರ್ ಆಳಕ್ಕೆ ತುಂಬಿ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲುವಷ್ಟು ತೇವವಿರಲಿ, ನೀರು ಸೋರಬಾರದು. ಬಿಸಿ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಮೂಲೆಯಲ್ಲಿರುವ ಏಡಿಯನ್ನು ಅದಕ್ಕೆ ಬಿಡಿ. ಇದರಿಂದ ಹಳೆಯ ಪಂಜರದ ಮರಳಿನೊಳಗಿರುವ ಏಡಿಗೂ ರಕ್ಷಣೆ: ಮೆತ್ತಗಿರುವ ಏಡಿಯನ್ನು ಇನ್ನೊಂದು ಏಡಿ ಅಗೆದು ತಿಂದುಬಿಡುವುದುಂಟು. ಹಳೆಯ ಪಂಜರವನ್ನು ಅಲುಗಿಸದೆ, ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಸುತ್ತಿ, ಗಾಳಿಗೆ ಸ್ವಲ್ಪ ಸಂದು ಬಿಡಿ. ಮರಳಿನ ಮೇಲೆ ಆಗಾಗ ಕ್ಲೋರಿನ್ ತೆಗೆದ ನೀರನ್ನು ಹಗುರವಾಗಿ ಚಿಮುಕಿಸಿ, ಒಮ್ಮೆಗೇ ಸುರಿಯಬೇಡಿ.

ಸ್ಪಂಜು ಸಾಲದು. ಎರಡು ತಟ್ಟೆ ನೀರಿಡಿ, ಒಂದರಲ್ಲಿ ಸಿಹಿ ನೀರು, ಇನ್ನೊಂದರಲ್ಲಿ ಉಪ್ಪು ನೀರು. ಏಡಿ ಎರಡನ್ನೂ ಚಿಪ್ಪಿನೊಳಗೆ ತುಂಬಿಕೊಂಡು ಮೈಗೆ ಬೇಕಾದ ಹದ ಮಾಡಿಕೊಳ್ಳುತ್ತದೆ. ಅಡುಗೆ ಉಪ್ಪು ಬೇಡ, ಅದರಲ್ಲಿ ಸಮುದ್ರದ ಬೇರೆ ಖನಿಜಗಳಿರುವುದಿಲ್ಲ. ಅಕ್ವೇರಿಯಂನ ಮರೈನ್ ಸಾಲ್ಟ್ ಲೀಟರಿಗೆ ಸುಮಾರು 35 ಗ್ರಾಂ ಹಾಕಿ. ಏಡಿ ಹತ್ತಿ ಹೊರಬರಲು ತಟ್ಟೆಯಲ್ಲಿ ಒಂದೆರಡು ಕಲ್ಲು ಇರಲಿ.

ಮಗಳು ಮೆಚ್ಚಿದ ಬಣ್ಣದ ಚಿಪ್ಪಿನ ಬಗ್ಗೆಯೂ ಹೇಳಬೇಕು. ಬಣ್ಣ ಸಿಪ್ಪೆಯೆದ್ದು ಹೊಟ್ಟೆಗೆ ಹೋಗುತ್ತದೆ. ಹಾಗಂತ ಏಡಿಯನ್ನು ಅದರಿಂದ ಎಳೆಯಬೇಡಿ; ಪ್ರಾಣ ಹೋದರೂ ಅದು ಬಿಡುವುದಿಲ್ಲ. ಬಣ್ಣವಿಲ್ಲದ, ಸ್ವಲ್ಪ ದೊಡ್ಡ ಚಿಪ್ಪುಗಳನ್ನು ನಾಲ್ಕೈದು ಪಕ್ಕದಲ್ಲಿಡಿ. ಇಷ್ಟವಾದರೆ ಅದೇ ಬದಲಿಸಿಕೊಳ್ಳುತ್ತದೆ. ಕಡಲ ದಂಡೆಯಲ್ಲಿ ದೊಡ್ಡದೊಂದು ಚಿಪ್ಪು ಸಿಕ್ಕರೆ ಏಡಿಗಳು ಗಾತ್ರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಮೊದಲನೆಯದು ಅದರೊಳಗೆ ಹೋದ ಕೂಡಲೇ ಹಿಂದಿನದು ಅದರ ಹಳೆಯ ಚಿಪ್ಪಿಗೆ, ಅದರ ಹಿಂದಿನದು ಇದರ ಚಿಪ್ಪಿಗೆ! ಎಷ್ಟು ಚೆಂದದ ವ್ಯವಸ್ಥೆ ಅಲ್ವಾ? ಇದನ್ನು ಮಗಳಿಗೆ ಹೇಳಿ, ಬಣ್ಣದ ಆಸೆ ತಾನೇ ಕಡಿಮೆಯಾಗುತ್ತದೆ.

ಇನ್ನೆರಡು ತರುವ ವಿಷಯ. ಇವು ಗುಂಪಿನಲ್ಲಿ ಬಾಳುವ ಜೀವಿಗಳು, ನಿಮ್ಮ ಆಲೋಚನೆ ಸರಿಯೇ. ಆದರೆ ಅಂಗಡಿಯಿಂದ ಬೇಡ. ಮೊಟ್ಟೆಯೊಡೆದ ಮರಿಗಳು ಮೊದಲು ಸಮುದ್ರದಲ್ಲಿ ತೇಲುತ್ತಾ ಬೆಳೆಯಬೇಕು, ತೊಟ್ಟಿಯಲ್ಲಿ ಅವನ್ನು ಸಾಕುವುದು ಬಹಳ ಕಷ್ಟ. ಹಾಗಾಗಿ ಮಾರಾಟಕ್ಕೆ ಬರುವವು ಹೆಚ್ಚಿನಂಶ ದಂಡೆಯಿಂದ ಹಿಡಿದು ತಂದವೇ. ಸಾಕಲಾಗದೆ ಯಾರಾದರೂ ಬಿಟ್ಟುಕೊಡುವ ಏಡಿಗಳಿದ್ದರೆ ತನ್ನಿ. ಚೆನ್ನಾಗಿ ನೋಡಿಕೊಂಡರೆ ಇವು 30 ವರ್ಷವೂ ಬದುಕಬಲ್ಲವು.

ಪ್ಲಾಸ್ಟಿಕ್ ಹಾಳೆ ಇವತ್ತೇ ಸುತ್ತಿ. ತೇವಾಂಶ ಅಳೆಯುವ ಹೈಗ್ರೋಮೀಟರ್ ಮತ್ತು ತೊಟ್ಟಿ ಈ ವಾರದೊಳಗೆ ಬರಲಿ.

– ಸಂಪಾದಕ