ತಾಯಿ ಇಲ್ಲದ ಬೆಕ್ಕಿನ ಮರಿಗೆ ಹಸುವಿನ ಹಾಲು ಹಾಕಬಹುದಾ? ಊಟ ಯಾವಾಗ ಶುರು ಮಾಡಬೇಕು?

ಹಸುವಿನ ಹಾಲು ಬೇಡ. ಬೆಕ್ಕಿನ ಮರಿಗೆ ಅಂತಲೇ ಹಾಲಿನ ಪುಡಿ ಸಿಗುತ್ತದೆ, ಅದನ್ನು ಕೊಡಿ. ಊಟ ಸುಮಾರು 4 ವಾರಕ್ಕೆ ಶುರು ಮಾಡಿದರೆ ಸಾಕು.

ಯಾಕಂದ್ರೆ ತಾಯಿ ಬೆಕ್ಕಿನ ಹಾಲಲ್ಲಿ ಪ್ರೋಟೀನ್ ಹಸುವಿನ ಹಾಲಿನ ಸುಮಾರು 2 ಪಟ್ಟು, ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ ಕಡಿಮೆ. ಹಸುವಿನ ಹಾಲು ಕುಡಿಸಿದರೆ ಜೀರ್ಣವಾಗದೆ ಉಳಿದ ಸಕ್ಕರೆ ಕರುಳಿಗೆ ನೀರು ಎಳೆದುಕೊಳ್ಳುತ್ತದೆ, ಭೇದಿ ಹತ್ತಿಕೊಳ್ಳುತ್ತದೆ, ಅಂಗೈಯಷ್ಟಿರುವ ಮರಿ ನೋಡನೋಡುತ್ತಲೇ ಸೊರಗಿಬಿಡುತ್ತದೆ.

ಮೈ ತಣ್ಣಗಿದ್ದರೆ ಹಾಲು ಕೊಡಲೇಬೇಡಿ, ಅರಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಬೆಚ್ಚಗೆ ಮಾಡಿ. ಕುಡಿಸುವಾಗ ಹೊಟ್ಟೆ ಕೆಳಗಿರಲಿ. ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಸುಮಾರು 3 ವಾರದವರೆಗೆ ಪ್ರತಿ ಸಲವೂ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕಿ ಮಾಡಿಸೋ ಕೆಲಸ ಅದು, ಇಲ್ಲದಿದ್ದರೆ ಮರಿ ಉಚ್ಚೆಯನ್ನೂ ಮಾಡಲ್ಲ.

ಹಲ್ಲು ಬಂದು ನಿಪ್ಪಲ್ ಕಚ್ಚತೊಡಗಿದಾಗ ಅದೇ ಹಾಲಲ್ಲಿ ಮರಿಗಳ ಫುಡ್ ಕಲಸಿ, ಗಂಜಿ ಹದಕ್ಕೆ ತಂದು ತಟ್ಟೆಯಲ್ಲಿಡಿ. ಮೊದಮೊದಲು ಅದರೊಳಗೇ ಓಡಾಡಿ ಮೀಸೆಗೆಲ್ಲ ಮೆತ್ತಿಕೊಳ್ಳುತ್ತದೆ, ಬಿಡಿ. ಬಾಟಲಿ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ತಿನ್ನೋದು ಜಾಸ್ತಿಯಾದ ಹಾಗೆ ಕಡಿಮೆ ಮಾಡುತ್ತಾ ಬನ್ನಿ.