ಕಚೇರಿಯ ಕ್ರಿಸ್‌ಮಸ್ ಪಾರ್ಟಿಗೆ ಕುದುರೆ ರೇಸ್: ಪುಣೆಯ ಪ್ರಶ್ನೆಗೆ ಉತ್ತರ

ಮೇಡಂ, ಹಿಂಜೆವಾಡಿಯ ನಿಮ್ಮ ಕಚೇರಿಯಲ್ಲಿ ಅರವತ್ತು ಮಂದಿ, ಕ್ರಿಸ್‌ಮಸ್ ಪಾರ್ಟಿಯಲ್ಲಿ ಎರಡು ಗಂಟೆ ರೇಸ್ ನೈಟ್ (ಮೊದಲೇ ಚಿತ್ರೀಕರಿಸಿದ ಕುದುರೆ ಓಟಗಳನ್ನು ಪರದೆಯ ಮೇಲೆ ತೋರಿಸಿ ಬಾಜಿ ಕಟ್ಟಿಸುವ ಆಟ) ನಡೆಸಬೇಕು, ಒಳ್ಳೆಯ ವೀಡಿಯೊ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ವೀಡಿಯೊದ ಚಿಂತೆ ಕೊನೆಗಿರಲಿ. ಪರದೆಯ ಮೇಲೆ ಕುದುರೆ ಓಡುವುದು ಕೆಲವೇ ನಿಮಿಷ. ಮುಂದಿನ ಓಟದವರೆಗಿನ ಕಾಲು ಗಂಟೆಯಲ್ಲಿ ಜನ ಏನು ಮಾಡುತ್ತಾರೆ ಎಂಬುದರ ಮೇಲೆಯೇ ಇಡೀ ಸಂಜೆ ನಿಂತಿದೆ. ಹಾಗಾಗಿ ನಿಮ್ಮ ಶ್ರಮವೆಲ್ಲ ಬಾಜಿಯ ಚೀಟಿ ಮಾರುವ ಕಿಟಕಿಗೆ ಮತ್ತು ಮೈಕ್ ಹಿಡಿಯುವವರಿಗೆ ಮೀಸಲಾಗಿರಲಿ.

ಮೊದಲು ಹಣದ ವಿಷಯ. ನಿಜವಾದ ಹಣ ಒಂದು ರೂಪಾಯಿಯೂ ಬೇಡ. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಈಗಲೂ ಜಾರಿಯಲ್ಲಿದೆ. ಕುದುರೆ ರೇಸ್ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದನ್ನು ಯಾರಾದರೂ ತೆಗೆದು ತೋರಿಸಿಯಾರು. ಆ ಮಾತು ಪರವಾನಗಿ ಪಡೆದ ರೇಸ್‌ಕೋರ್ಸಿನ ಒಳಗಿನದು, ನಿಮ್ಮ ಕ್ಯಾಂಟೀನಿನದಲ್ಲ. ತುಳಸಿಬಾಗಿನಂಥ ಪೇಟೆಯಲ್ಲಿ ಮಕ್ಕಳ ಆಟದ ನೋಟಿನ ಕಟ್ಟುಗಳು ಸಿಗುತ್ತವೆ, ಅವೇ ಸಾಕು. ಅಸಲಿ ನೋಟನ್ನು ಬಣ್ಣದಲ್ಲಿ ಜೆರಾಕ್ಸ್ ಮಾಡುವ ಉತ್ಸಾಹಿಗಳಿದ್ದರೆ ಮೊದಲೇ ತಡೆಯಿರಿ, ಅದು ಬೇರೆಯೇ ಅಪರಾಧ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಆಟದ ಹಣ ಒಂದು ಸಾವಿರ, ನೂರರ ಹತ್ತು ನೋಟು.

ಇನ್ನು ಕಿಟಕಿ. ಯಾವ ಕುದುರೆ ಗೆದ್ದರೆ ಎಷ್ಟು ಪಟ್ಟು ಕೊಡುವುದು ಎಂದು ನೀವೇ ಮುಂಚಿತವಾಗಿ ನಿಗದಿ ಮಾಡಲು ಹೋಗಬೇಡಿ. ಒಂದೇ ಓಟದಲ್ಲಿ ನಿಮ್ಮ ಬ್ಯಾಂಕು, ಅಂದರೆ ಗೆದ್ದವರಿಗೆ ಕೊಡಲು ನೀವು ಇಟ್ಟುಕೊಂಡ ಆಟದ ಹಣ, ದಿವಾಳಿಯಾದೀತು. ರೇಸ್‌ಕೋರ್ಸಿನ ಟೋಟ್ ಪದ್ಧತಿಯೇ ಸರಿ. 1867ರಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಒಲೆರ್ ಹುಟ್ಟುಹಾಕಿದ ಲೆಕ್ಕ ಇದು: ಸೋತವರ ಹಣ ಗೆದ್ದವರಿಗೆ ಹಂಚಿಕೆಯಾಗುತ್ತದೆ, ಬ್ಯಾಂಕಿಗೆ ನಷ್ಟವೆಂಬುದೇ ಇಲ್ಲ. ಒಂದು ಓಟಕ್ಕೆ ನೂರರ 120 ಚೀಟಿ ಮಾರಾಟವಾದವು ಎನ್ನಿ, ಒಟ್ಟು 12,000. ಗೆದ್ದ ಕುದುರೆಯ ಮೇಲೆ 15 ಚೀಟಿಗಳಿದ್ದರೆ ಚೀಟಿಗೆ 800 ಸಿಗುತ್ತದೆ. ಎಲ್ಲರ ಮೆಚ್ಚಿನ ಕುದುರೆಯೇ ಗೆದ್ದು, ಅದರ ಮೇಲೆ 60 ಚೀಟಿಗಳಿದ್ದರೆ ಬರೀ 200. ಗೆದ್ದ ಕುದುರೆಯ ಮೇಲೆ ಯಾರೂ ಕಟ್ಟಿರದಿದ್ದರೆ ಇಡೀ ಮೊತ್ತ ಮುಂದಿನ ಓಟಕ್ಕೆ ಸೇರಲಿ. ರೇಸ್ ಕ್ಲಬ್ಬುಗಳು ಇದರಲ್ಲಿ ತಮ್ಮ ಪಾಲನ್ನೂ ತೆರಿಗೆಯನ್ನೂ ಮುರಿದುಕೊಳ್ಳುತ್ತವೆ, ನಿಮಗೆ ಅದರ ಗೊಡವೆಯಿಲ್ಲ.

ಅರವತ್ತು ಮಂದಿಗೆ ಮೂರು ಕಿಟಕಿ ಬೇಕು. ಒಂದೇ ಇಟ್ಟರೆ ಸಾಲು ಕರಗುವುದಿಲ್ಲ. ಪಕ್ಕದಲ್ಲಿ ಬಿಳಿ ಬೋರ್ಡ್ ಇಟ್ಟು, ಯಾವ ಕುದುರೆಗೆ ಎಷ್ಟು ಚೀಟಿ ಬಿದ್ದಿದೆ ಎಂದು ಒಬ್ಬರು ಅಳಿಸಿ ಬರೆಯುತ್ತಲೇ ಇರಬೇಕು. ಈ ಬೋರ್ಡೇ ಆಟದ ಜೀವ. ಅಂಧೇರಿಯ ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರಿದ್ದಾರೆ, ವರ್ಷವಿಡೀ ಅವರ ಬಾಯಿಂದ ನಾಲ್ಕು ಮಾತು ಹೊರಡುವುದು ಕಷ್ಟ. ನಮ್ಮಲ್ಲಿ ರೇಸ್ ನೈಟ್ ನಡೆದಾಗ ಅವರು ಕನ್ನಡಕವನ್ನು ಹಣೆಗೇರಿಸಿ, ಬೋರ್ಡಿನ ಅಂಕಿ ಬದಲಾದಾಗಲೆಲ್ಲ ಬೆರಳು ಮಡಿಚಿ ಭಾಗಾಕಾರ ಮಾಡುತ್ತ, ಗಂಟೆ ಬಾರಿಸುವ ಕೊನೆಯ ಕ್ಷಣದಲ್ಲಿ ಯಾರೂ ಮುಟ್ಟದ ಐದನೇ ನಂಬರಿಗೆ ಮೂರು ಚೀಟಿ ಹರಿಸಿಕೊಂಡರು. ಕುದುರೆ ಸೋತಿತು. ಮುಂದಿನ ಓಟಕ್ಕೆ ಸಾಲಿನಲ್ಲಿ ಮೊದಲು ನಿಂತವರು ಅವರೇ.

ಕೈ ಖಾಲಿಯಾದವರು ಮೂಲೆ ಸೇರಿ ಮೊಬೈಲ್ ಹಿಡಿದುಬಿಡುತ್ತಾರೆ. ಅವರಿಗಾಗಿ ಒಂದು ಸಾಲದ ಕಿಟಕಿ ತೆರೆಯಿರಿ: ಮುನ್ನೂರು ಸಾಲ, ಬಡ್ಡಿಯಾಗಿ ಒಂದು ಹಾಡು. ಬಾಜಿ ಎಂಬುದೇ ಒಗ್ಗದವರೂ ಇರುತ್ತಾರೆ. ಅವರನ್ನು ಒತ್ತಾಯಿಸದೆ ಬೋರ್ಡಿಗೋ ಕಿಟಕಿಗೋ ಕೂರಿಸಿ.

ಓಟಕ್ಕೆ ಎಂಟು ಕುದುರೆ, ಒಟ್ಟು ಆರು ಓಟ. ಹೆಸರುಗಳನ್ನು ಒಂದು ವಾರ ಮೊದಲೇ ಸಿಬ್ಬಂದಿಯಿಂದ ತರಿಸಿಕೊಳ್ಳಿ. ‘ಪೆಂಡಿಂಗ್ ಫೈಲ್’, ‘ಹಿಂಜೆವಾಡಿ ಜಾಮ್’, ‘ಸೋಮವಾರದ ಮೀಟಿಂಗ್’ ಇಂಥವು ಚೆನ್ನ. ವ್ಯಕ್ತಿಗಳನ್ನು ಚುಚ್ಚುವ ಹೆಸರು ಬಂದರೆ ಸದ್ದಿಲ್ಲದೆ ತೆಗೆದುಹಾಕಿ. ವೀಡಿಯೊದ ಧ್ವನಿ ಅಡಗಿಸಿ, ನಿಮ್ಮವರೇ ವೀಕ್ಷಕ ವಿವರಣೆ ಕೊಡಲಿ. ‘ಪೆಂಡಿಂಗ್ ಫೈಲ್ ಇನ್ನೂ ಅಲ್ಲೇ ಇದೆ, ಕದಲುವ ಲಕ್ಷಣವೇ ಇಲ್ಲ’ ಎಂದು ಮರಾಠಿ, ಹಿಂದಿ, ಕನ್ನಡ ಬೆರೆಸಿ ಕೂಗುವವರೊಬ್ಬರು ಸಿಕ್ಕರೆ ನಿಮ್ಮ ಪಾರ್ಟಿ ಗೆದ್ದಂತೆ. ಕೊನೆಯ ಓಟದ ಕುದುರೆಗಳನ್ನು ಹರಾಜು ಹಾಕಿ. ಒಂದೊಂದು ವಿಭಾಗದವರು ಉಳಿದ ನೋಟುಗಳನ್ನು ಒಟ್ಟುಗೂಡಿಸಿ ಒಂದು ಕುದುರೆ ಕೊಳ್ಳಲಿ. ಗೆದ್ದ ವಿಭಾಗಕ್ಕೆ ಪ್ಲಮ್ ಕೇಕ್, ಎಲ್ಲರಿಗಿಂತ ಹೆಚ್ಚು ಸಾಲ ಮಾಡಿದವರಿಗೆ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು.

ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಕಂಬಳದ ವೀಡಿಯೊ ಹಾಕಿ ಎಂದಿದ್ದಾರೆ. ನಾನೂ ಆ ಕಡೆಯವನೇ, ಆಸೆಯೇನೋ ಇದೆ. ಆದರೆ ಕಂಬಳದ ಜೋಡುಕರೆಯಲ್ಲಿ, ಅಂದರೆ ಅಕ್ಕಪಕ್ಕದ ಎರಡು ಕೆಸರು ಹಾದಿಗಳಲ್ಲಿ, ಒಮ್ಮೆಗೆ ಓಡುವುದು ಎರಡೇ ಜೋಡಿ ಕೋಣ. ಬಾಜಿ ಅರ್ಧಕ್ಕರ್ಧ ಹಂಚಿಹೋದರೆ ಬೋರ್ಡಿನಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಇನ್ನೊಬ್ಬರು ನೇರವಾಗಿ ರೇಸ್‌ಕೋರ್ಸಿಗೇ ಹೋಗಿ ಎಂದಿದ್ದಾರೆ. ಪುಣೆಯ ಸೀಸನ್ ಮಳೆಗಾಲದ್ದು, ಡಿಸೆಂಬರಿನಲ್ಲಿ ಓಟ ನಡೆಯುವುದು ಮುಂಬಯಿಯ ಮಹಾಲಕ್ಷ್ಮಿಯಲ್ಲಿ. ಅರವತ್ತು ಮಂದಿಯನ್ನು ಎಕ್ಸ್‌ಪ್ರೆಸ್‌ವೇ ದಾಟಿಸುವ ಧೈರ್ಯ ನಿಮಗಿದ್ದರೆ ನೋಡಿ.

ಇನ್ನು ವೀಡಿಯೊ. ರೇಸ್ ನೈಟ್‌ಗೆಂದೇ ಮಾರುವ ಓಟಗಳನ್ನು ಕೊಂಡರೆ ಒಳ್ಳೆಯದು. ಯಾವುದೋ ಹೆಸರಾಂತ ಡರ್ಬಿ ಹಾಕಿದರೆ ಫಲಿತಾಂಶ ಗೊತ್ತಿರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಯಾವ ಓಟ ಹಾಕುವುದೆಂದು ಕಿಟಕಿ ಮುಚ್ಚಿದ ಮೇಲೆ ಎಲ್ಲರೆದುರು ಚೀಟಿ ಎತ್ತಿ. ಫೈಲುಗಳು ಲ್ಯಾಪ್‌ಟಾಪಿನಲ್ಲೇ ಇರಲಿ, ನಡುವೆ ನೆಟ್ ನಿಂತರೆ ಕಷ್ಟ. ಟೋಟ್ ಲೆಕ್ಕದ ಹಾಳೆ ನನ್ನಲ್ಲಿದೆ, ಬೇಕಿದ್ದರೆ ಹೇಳಿ, ಕಳುಹಿಸುತ್ತೇನೆ.