ಅಚ್ಚಿಲ್ಲದೆ ಆಕಾರ ಬರುತ್ತಾ?

ಪ್ರಶ್ನೆ: ಪಾಲಿಸ್ಟೈರೀನ್–ಪಾಲಿವಿನೈಲ್‌ಪಿರಿಡಿನ್ ಬ್ಲಾಕ್ ಕೋಪಾಲಿಮರನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಸಿಟಿಎಬಿ ಸಾಬೂನಿನ ನೀರಿನಲ್ಲಿ ಹನಿಹನಿಯಾಗಿ ಒಡೆದು ಒಣಗಿಸುತ್ತೇನೆ. ಕಣಗಳೆಲ್ಲ ಗುಂಡಗೇ ಬರುತ್ತವೆ. ಪಟ್ಟೆ ಇರುವ ಅಂಡಾಕಾರದ ಕಣ ಬೇಕಿತ್ತು. ಬೇರೆ ಪಾಲಿಮರ್ ತರಿಸಬೇಕಾ ಸರ್?
— ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಡಮ್ಮ, ಅದು ದುಬಾರಿ ಮಾಲು. ಮೊದಲು ಸಾಬೂನು ಬದಲಿಸಿ ನೋಡಿ.

ಈ ಪಾಲಿಮರ್‌ನಲ್ಲಿ ಒಂದಕ್ಕೊಂದು ಆಗದ ಎರಡು ಸರಪಳಿಗಳನ್ನು ತುದಿಗೆ ತುದಿ ಬೆಸೆದಿರುತ್ತಾರೆ. ಬೆರೆಯೋಕೆ ಮನಸ್ಸಿಲ್ಲ, ಬಿಟ್ಟು ಹೋಗೋಕೆ ದಾರಿಯಿಲ್ಲ. ಎರಡೂ ಹೆಚ್ಚುಕಡಿಮೆ ಅರ್ಧರ್ಧ ಇದ್ದರೆ ತೆಳುವಾದ ಪದರಗಳಾಗಿ ಕೂರುತ್ತವೆ. ನಿಮ್ಮದು ಅರ್ಧರ್ಧವೇ ಅಂತ ಬಾಟಲಿಯ ಮೇಲೆ ಒಮ್ಮೆ ನೋಡಿಕೊಳ್ಳಿ.

ಹನಿಯ ಹೊರಮೈಯಲ್ಲಿ, ನೀರಿನ ಪಕ್ಕ ಯಾರು ಕೂರಬೇಕು ಅನ್ನೋದು ಸಾಬೂನಿನ ಕೈಯಲ್ಲಿದೆ. ಅದು ಒಬ್ಬರ ಕಡೆ ವಾಲಿದರೆ ಅವರೇ ಹೊರಗೆ ಸುತ್ತಿಕೊಳ್ಳುತ್ತಾರೆ. ಒಳಗಿನ ಪದರಗಳೂ ಹಾಗೇ ಸುತ್ತಿಕೊಂಡು ಈರುಳ್ಳಿಯಂತಾಗುತ್ತವೆ. ಕಣ ಗುಂಡಗಿರುತ್ತದೆ. ಸಾಬೂನು ಇಬ್ಬರಿಗೂ ಸಮನಾಗಿದ್ದರೆ ಎರಡೂ ಪದರಗಳ ಅಂಚು ನೀರಿಗೆ ತಾಗುತ್ತದೆ. ಆಗ ಪದರಗಳು ಬಿಲ್ಲೆಗಳಂತೆ ಸಾಲಾಗಿ ನಿಲ್ಲುತ್ತವೆ, ಕಣ ಆ ಸಾಲಿನ ದಿಕ್ಕಿಗೇ ಉದ್ದವಾಗುತ್ತದೆ.

2014ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕ್ರೇಗ್ ಹಾಕರ್ ಅವರ ತಂಡ ಇದನ್ನೇ ಮಾಡಿ ತೋರಿಸಿತು. ಪಾಲಿಮರ್ ನಿಮ್ಮದರ ಬಗೆಯದ್ದೇ. ಸಿಟಿಎಬಿ ಜೊತೆಗೆ, ಹೈಡ್ರಾಕ್ಸಿಲ್ ಗುಂಪು ಸೇರಿಸಿದ ಅದರ ತಮ್ಮನನ್ನೂ ಬೆರೆಸಿದರು. ಹದ ಸಿಕ್ಕಾಗ ಪಟ್ಟೆಪಟ್ಟೆಯ ಅಂಡಾಕಾರ! ಪಿರಿಡಿನ್ ಪಟ್ಟೆಗಳನ್ನು ಮಾತ್ರ ಉಬ್ಬಿಸಿ, ಮತ್ತೆ ಇಳಿಸಿಯೂ ತೋರಿಸಿದರು. ನನಗೆ ತುಂಬಾ ಇಷ್ಟವಾದ ಕೆಲಸ ಅದು. ಅಚ್ಚು ಇಲ್ಲ, ದೊಡ್ಡ ಯಂತ್ರ ಇಲ್ಲ, ಬರೀ ಬೆರಕೆಯ ಲೆಕ್ಕ.

ಇನ್ನೊಂದು ಮಾತು. ಕ್ಲೋರೋಫಾರ್ಮ್ ಬೇಗ ಹೋಗಲಿ ಅಂತ ಬಿಸಿ ಮಾಡಬೇಡಿ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೂ ಗಾಜಿನಂತೆ ಗಟ್ಟಿ. ದ್ರಾವಕ ಹೋದ ಮೇಲೆ ಸರಪಳಿಗಳು ಅಲುಗಾಡಲ್ಲ, ಎಲ್ಲಿದ್ದವೋ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಬೀಕರ್ ಫ್ಯೂಮ್‌ಹುಡ್‌ನಲ್ಲೇ ಇರಲಿ, ಬಾಯಿಗೆ ಸಣ್ಣ ತೂತುಗಳ ಹೊದಿಕೆ ಹಾಕಿ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕೊಡುವ ಮುಂಚೆ ಅಯೋಡಿನ್ ಆವಿ ಹಿಡಿಸಿ. ಪಿರಿಡಿನ್ ಭಾಗ ಕಪ್ಪಾಗಿ ಕಾಣುತ್ತದೆ. ಗೆರೆಗಳು ಅಡ್ಡಾದಿಡ್ಡಿ ಇದ್ದರೆ ಒಣಗಿಸಿದ್ದು ಜಾಸ್ತಿ ಬೇಗ ಆಯ್ತು ಅಂತ ಮೊದಲು ಅನುಮಾನಿಸಿ. ಉಂಗುರಗಳಿದ್ದರೆ ಸಾಬೂನು ವಾಲಿದೆ. ಎಲ್ಲಕ್ಕಿಂತ ಹೊರಗಿನ ಉಂಗುರ ಕಪ್ಪಾಗಿದ್ದರೆ ಪಿರಿಡಿನ್ ಕಡೆಗೆ, ಬೆಳ್ಳಗಿದ್ದರೆ ಸ್ಟೈರೀನ್ ಕಡೆಗೆ. ಬೆರಕೆಯನ್ನು ಯಾವ ಕಡೆ ಸರಿಸಬೇಕು ಅಂತ ಆಗ ನಿಮಗೇ ಗೊತ್ತಾಗುತ್ತದೆ.